ಕುಬೇರ ಮೂಲೆ ಇದೆ, ಕೆಲಸದ ಮೂಲೆ ಎಲ್ಲಿ?

ಇವತ್ತು ರಾಜಕೀಯ ಬೇಡ. ಯಾರು ಯಾವ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದಾರೆ ಅಂತ ದಿನಾ ಚರ್ಚೆ ಮಾಡ್ತೀವಿ. ಇವತ್ತು ನಿಜವಾದ ಕುರ್ಚಿಯ ಬಗ್ಗೆ ಮಾತಾಡೋಣ. ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಸಂಜೆವರೆಗೂ ನೀವು ಕೂರ್ತೀರಲ್ಲ, ಆ ಕುರ್ಚಿ. ಅದು ಯಾವ ಜಾಗದಲ್ಲಿದೆ, ಪಕ್ಕದಲ್ಲಿ ಯಾರಿದ್ದಾರೆ, ಅಲ್ಲಿ ಕೂತರೆ ನಿಮ್ಮ ತಲೆ ಓಡುತ್ತಾ ಇಲ್ವಾ? ಈ ಪ್ರಶ್ನೆಯನ್ನ ನಿಮಗೆ ಯಾರಾದರೂ ಕೇಳಿದ್ದಾರಾ? ನನಗಂತೂ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ.

ವಿಷಯ ತಲೆಗೆ ಹೊಕ್ಕಿದ್ದು ಚಿತ್ರದುರ್ಗದಲ್ಲಿ. ನನ್ನ ಹಳೇ ಸ್ನೇಹಿತನೊಬ್ಬ ಅಲ್ಲಿ ತೆರಿಗೆ ಲೆಕ್ಕ ನೋಡುವ ಕಚೇರಿ ನಡೆಸ್ತಾನೆ. ಅಡಿಕೆ ಮಂಡಿಯವರು, ಹಾರ್ಡ್‌ವೇರ್ ಅಂಗಡಿಯವರು, ಟ್ರ್ಯಾಕ್ಟರ್ ಡೀಲರ್‌ಗಳು, ಇವರೆಲ್ಲರ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಲೆಕ್ಕ ಇವನದ್ದು. ಬಿ.ಡಿ. ರಸ್ತೆ ಹತ್ತಿರ ಎರಡನೇ ಮಹಡಿಯಲ್ಲಿ ಹೊಸ ಆಫೀಸು ಮಾಡಿಸಿದ್ದ. ಹೋದೆ. ದೊಡ್ಡ ಹಾಲ್. ಫಳಫಳ ಹೊಳೆಯುವ ಟೈಲ್ಸ್, ಒಂದು ಕಡೆ ಪೂರ್ತಿ ಗಾಜು. ಒಂದು ಗೋಡೆಯೂ ಅಡ್ಡ ಇಲ್ಲ.

“ಹೆಂಗೈತಪ್ಪಾ? ಬೆಂಗಳೂರು ಕಂಪನಿ ತರ ಐತಾ?” ಅಂದ.

ಚೆನ್ನಾಗಿದೆ ಅಂದೆ. ವಾಸ್ತು ಪ್ರಕಾರ ಎಲ್ಲಾ ಮಾಡಿಸಿದ್ದೀನಿ ಅಂತ ವಿವರಿಸಿದ. ಯಜಮಾನನ ಕುರ್ಚಿ ನೈಋತ್ಯಕ್ಕೆ. ಈಶಾನ್ಯಕ್ಕೆ ದೇವರ ಪಟ. ದುಡ್ಡಿನ ಬೀರು ಕುಬೇರ ಮೂಲೆಗೆ. ದೇವರಿಗೆ ಒಂದು ಮೂಲೆ ಸಿಕ್ತು, ದುಡ್ಡಿಗೆ ಒಂದು ಮೂಲೆ ಸಿಕ್ತು, ಯಜಮಾನನಿಗೂ ಸಿಕ್ತು. ಕೆಲಸ ಮಾಡೋರಿಗೆ? “ಅವರಿಗೇನಪ್ಪಾ, ನಡುವೆ ಇಷ್ಟು ಜಾಗ ಐತಲ್ಲ!”

ಆ ನಡುವಿನ ಜಾಗದಲ್ಲಿ ನಾಲ್ಕು ಜನ ಕೂತಿದ್ದರು. ನಾಲ್ವರೂ ಜಿಲ್ಲೆಯ ಬೇರೆ ಬೇರೆ ಕಡೆಯವರು. ಹಿರಿಯೂರಿನ ಹುಡುಗ ಮಾತುಗಾರ. ದಿನವಿಡೀ ಫೋನಿನಲ್ಲೇ ಇರ್ತಾನೆ. ಯಾವ ಪಾರ್ಟಿ ಬಿಲ್ ಕಳಿಸಿಲ್ಲ, ಯಾರ ಒಟಿಪಿ ಬೇಕು, ಎಲ್ಲಾ ಜೋರು ದನಿಯಲ್ಲೇ. ಅವನ ಕೆಲಸವೇ ಅದು. ಹೊಸದುರ್ಗದ ಇನ್ನೊಬ್ಬ, ಕೂತು ಯೋಚನೆ ಮಾಡೋದೇ ಗೊತ್ತಿಲ್ಲ. ಓಡಾಡ್ತಾ, ಪಕ್ಕದವರ ಹತ್ತಿರ ಮಾತಾಡ್ತಾ ಮಾಡಿದರೇ ಅವನಿಗೆ ಲೆಕ್ಕ ಬಿಡಿಸೋಕೆ ಬರೋದು. ದುರ್ಗದವರೇ ಆದ ಹಿರಿಯ ಗುಮಾಸ್ತರೊಬ್ಬರಿದ್ದಾರೆ. ಅವರಿಗೆ ಕೂತ ಜಾಗ ಬದಲಾಗಬಾರದು. ಪೆನ್ನು ಎಲ್ಲಿ, ಲೆಡ್ಜರ್ ಎಲ್ಲಿ ಅನ್ನೋದು ಕಣ್ಣು ಮುಚ್ಚಿದರೂ ಕೈಗೆ ಸಿಗಬೇಕು. ನಾಲ್ಕನೆಯವಳು ಹೊಳಲ್ಕೆರೆ ಕಡೆಯ ಹುಡುಗಿ. ಬಿ.ಕಾಂ. ಓದಿದಾಳೆ, ದಿನಾ ಬಸ್ಸಿನಲ್ಲಿ ಬಂದು ಹೋಗ್ತಾಳೆ. ಮಾತು ಕಡಿಮೆ, ಕೆಲಸ ಮಾತ್ರ ಬಲು ಅಚ್ಚುಕಟ್ಟು. “ಇವಳು ನೋಡಿದ ಫೈಲಲ್ಲಿ ಒಂದು ರೂಪಾಯಿ ತಪ್ಪು ಬರಲ್ಲ” ಅಂತ ಸ್ನೇಹಿತ ಹೆಮ್ಮೆಯಿಂದ ಹೇಳಿದ. ಹೇಳಿ, ದನಿ ತಗ್ಗಿಸಿ, “ಆದ್ರೆ ಮೊನ್ನೆ ರಾಜೀನಾಮೆ ಕೊಟ್ಟವಳೆ ಕಣಪ್ಪ. ಸಂಬಳ ಸಾಲದೇನೋ” ಅಂದ.

ಕಾರಣ ಕೇಳಿದೀಯಾ ಅಂದೆ. ಕೇಳಿರಲಿಲ್ಲ.

ಈ ನಾಲ್ವರಲ್ಲಿ ಯಾರು ಒಳ್ಳೆಯ ಕೆಲಸಗಾರರು? ನಾಲ್ವರೂ ಒಳ್ಳೆಯವರೇ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಸ್ವಭಾವದ ಬಗ್ಗೆ ಒಂದು ಪುಸ್ತಕ ಬರೆದ. ಅಂತರ್ಮುಖಿ, ಬಹಿರ್ಮುಖಿ ಅನ್ನೋ ಮಾತುಗಳು ಜನರ ಬಾಯಿಗೆ ಬಂದಿದ್ದು ಅಲ್ಲಿಂದ. ಕೆಲವರಿಗೆ ಜನರ ನಡುವೆ ಇದ್ದರೆ ಹುರುಪು ಬರುತ್ತೆ. ಕೆಲವರಿಗೆ ಜನರ ನಡುವೆ ಇದ್ದು ಇದ್ದು ಸುಸ್ತಾಗುತ್ತೆ, ಒಬ್ಬರೇ ಕೂತಾಗ ಚೇತರಿಸಿಕೊಳ್ತಾರೆ. ನಮ್ಮಲ್ಲಿ ಬಹಳಷ್ಟು ಜನ ಇವೆರಡರ ನಡುವೆ ಎಲ್ಲೋ ಇದ್ದೀವಿ. ಇದು ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ. ಆದರೆ ನಮ್ಮ ಆಫೀಸುಗಳಲ್ಲಿ ಮಾತಾಡದವರಿಗೆ “ಬೆರೆಯಲ್ಲ” ಅಂತ ಹೆಸರು, ಮಾತಾಡೋರಿಗೆ “ಬರೀ ಹರಟೆ” ಅಂತ ಹೆಸರು.

ನನ್ನ ಕಥೆಯನ್ನೇ ಹೇಳ್ತೀನಿ. ನ್ಯೂಸ್ ರೂಮ್ ಅಂದರೆ ಗೋಡೆ ಇಲ್ಲದ ಆಫೀಸು. ರಾತ್ರಿ ಒಂಬತ್ತರ ಬುಲೆಟಿನ್‌ಗೆ ಅರ್ಧ ಗಂಟೆ ಇದೆ ಅನ್ನುವಾಗ ಒಮ್ಮೆ ಒಳಗೆ ಬಂದು ನೋಡಿ. ಹತ್ತು ಟಿವಿ ಓಡ್ತಿರ್ತವೆ, ವರದಿಗಾರರ ಫೋನು, ಡೆಸ್ಕಿನವರ ಕೂಗು. ನನಗೆ ಆ ಗದ್ದಲ ಬೇಕು. ಸುದ್ದಿ ಎಲ್ಲಿಂದ ಬಂತು, ಯಾರು ಏನು ಹೇಳ್ತಿದ್ದಾರೆ ಅನ್ನೋದು ಅಲ್ಲೇ ಕಿವಿಗೆ ಬೀಳಬೇಕು. ಆದರೆ ನೀವು ಈಗ ಓದ್ತಿರೋ ಇಂಥ ಮಾತನ್ನ ಆ ಗದ್ದಲದಲ್ಲಿ ಕೂತು ನಾನು ಒಂದು ದಿನವೂ ಬರೆದಿಲ್ಲ. ಎಷ್ಟೋ ಸಲ ಪಾರ್ಕಿಂಗ್‌ನಲ್ಲಿ ನಿಂತ ಕಾರಿನೊಳಗೆ ಕೂತು ಬರೆದಿದ್ದೀನಿ. ಮನುಷ್ಯ ಅದೇ, ಸ್ವಭಾವ ಅದೇ. ಕೆಲಸ ಬದಲಾಯ್ತು, ಬೇಕಾದ ಜಾಗವೂ ಬದಲಾಯ್ತು.

ಗದ್ದಲ ಯಾಕೆ ಬೆಳೀತಾನೇ ಹೋಗುತ್ತೆ ಅನ್ನೋದಕ್ಕೂ ಕಾರಣ ಇದೆ. ಸುತ್ತ ಸದ್ದು ಜಾಸ್ತಿಯಾದರೆ ನಾವು ಗೊತ್ತಿಲ್ಲದೇ ದನಿ ಏರಿಸ್ತೀವಿ. ಫ್ರಾನ್ಸಿನ ವೈದ್ಯ ಲೊಂಬಾರ್ಡ್ 1911ರಲ್ಲೇ ಇದನ್ನ ಗುರುತಿಸಿದ. ಅದಕ್ಕೇ ಅವನ ಹೆಸರೇ ಇದೆ, ಲೊಂಬಾರ್ಡ್ ಪರಿಣಾಮ. ಒಬ್ಬ ದನಿ ಏರಿಸಿದ, ಇನ್ನೊಬ್ಬ ಅವನಿಗಿಂತ ಏರಿಸಿದ. ಮದುವೆ ಮನೆ ಊಟದ ಹಾಲ್ ನೆನಪಿಸಿಕೊಳ್ಳಿ, ಅರ್ಥ ಆಗುತ್ತೆ. ಟೈಲ್ಸು, ಗಾಜು ಸದ್ದನ್ನ ಹೀರಲ್ಲ, ವಾಪಸ್ ಎಸೀತವೆ.

ಇನ್ನೊಂದು ವಿಷಯ. ಫ್ಯಾನಿನ ಸದ್ದು ಅಷ್ಟು ಕಾಡಲ್ಲ, ಅರ್ಥವಾಗುವ ಮಾತು ಕಾಡುತ್ತೆ. ಅದರಲ್ಲೂ ಫೋನಿನಲ್ಲಿ ಒಂದೇ ಕಡೆಯ ಮಾತು ಕೇಳಿಸಿದರೆ ಗಮನ ಇನ್ನೂ ಹೆಚ್ಚು ಕೆಡುತ್ತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದನ್ನ ಪ್ರಯೋಗ ಮಾಡಿ ತೋರಿಸಿದರು. ಆ ಕಡೆಯವನು ಏನಂದ ಅಂತ ನಮ್ಮ ಮೆದುಳು ತಾನೇ ಊಹಿಸೋಕೆ ಹೊರಡುತ್ತೆ. ಕೈಯಲ್ಲಿರೋ ಲೆಕ್ಕ ಅಲ್ಲೇ ನಿಲ್ಲುತ್ತೆ. ಈಗ ಯೋಚನೆ ಮಾಡಿ: ಹಿರಿಯೂರಿನ ಹುಡುಗನ ಫೋನು ಒಂದು ಮೇಜು, ಅದರ ಪಕ್ಕದ ಮೇಜಿನಲ್ಲೇ ಹೊಳಲ್ಕೆರೆ ಹುಡುಗಿಯ ಲೆಕ್ಕ.

ಗೋಡೆ ಕೆಡವಿ ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸೋದು ಯಾರ ಐಡಿಯಾ? 1950ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಷ್ನೆಲ್ಲೆ ಅನ್ನೋ ಅಣ್ಣತಮ್ಮಂದಿರು ಇದನ್ನ ದೊಡ್ಡದಾಗಿ ಶುರು ಮಾಡಿದರು. ಕಾಗದಪತ್ರ ಒಬ್ಬರಿಂದ ಒಬ್ಬರಿಗೆ ಸಲೀಸಾಗಿ ಹೋಗಲಿ, ದೊಡ್ಡವರು ಚಿಕ್ಕವರು ಅನ್ನೋ ಗೋಡೆ ಬೀಳಲಿ ಅನ್ನೋದು ಅವರ ಆಸೆ. ಒಳ್ಳೆಯ ಆಸೆಯೇ. ಗದ್ದಲ ಜಾಸ್ತಿಯಾಯ್ತು. ಆಮೇಲೆ ಅಮೆರಿಕದಲ್ಲಿ ರಾಬರ್ಟ್ ಪ್ರಾಪ್ಸ್ಟ್ ಅನ್ನೋನು ಹರ್ಮನ್ ಮಿಲ್ಲರ್ ಕಂಪನಿಗಾಗಿ 1960ರ ದಶಕದಲ್ಲಿ ಬೇಕಾದ ಹಾಗೆ ಜೋಡಿಸಿಕೊಳ್ಳುವ ಮೇಜು, ಅಡ್ಡ ಹಲಗೆಗಳನ್ನ ಮಾಡಿಸಿದ. ಕೆಲಸ ಮಾಡೋನು ತನಗೆ ತಕ್ಕ ಜಾಗ ತಾನೇ ಮಾಡಿಕೊಳ್ಳಲಿ ಅನ್ನೋದು ಅವನ ಲೆಕ್ಕ. ಕಂಪನಿಗಳು ಏನು ಮಾಡಿದವು? ಅದೇ ಹಲಗೆ ತಗೊಂಡು, ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನ ತುಂಬುವ ಪುಟ್ಟ ಪುಟ್ಟ ಗೂಡು ಮಾಡಿದವು. ಅದೇ ಕ್ಯೂಬಿಕಲ್. ಕೊನೆಗಾಲದಲ್ಲಿ ಪ್ರಾಪ್ಸ್ಟ್ ಅದನ್ನ ಕಂಡು ತಾನೇ ನೊಂದುಕೊಂಡ. ಗೂಡು ಸಾಕು ಅನ್ನಿಸಿದ ಮೇಲೆ ಮತ್ತೆ ಬಟಾಬಯಲು ಹಾಲ್. ಅದೇ ಬೆಂಗಳೂರಿಗೆ ಬಂತು, ಬೆಂಗಳೂರಿಂದ ಬಿ.ಡಿ. ರಸ್ತೆಗೂ ಬಂತು.

ಹಾಲ್ ಮಾಡಿದರೆ ಜನ ಹೆಚ್ಚು ಮಾತಾಡ್ತಾರೆ, ಕೂಡಿ ಕೆಲಸ ಮಾಡ್ತಾರೆ ಅಂತಾರಲ್ಲ, ನಿಜವಾ? ಹಾರ್ವರ್ಡ್‌ನ ಬರ್ನ್‌ಸ್ಟೀನ್ ಮತ್ತು ಟರ್ಬನ್ ಅನ್ನೋ ಇಬ್ಬರು ಸಂಶೋಧಕರು ದೊಡ್ಡ ಕಂಪನಿಗಳ ನೌಕರರ ಕೊರಳಿಗೆ ಪುಟ್ಟ ಯಂತ್ರ ಹಾಕಿ ಅಳೆದರು. 2018ರಲ್ಲಿ ಫಲಿತಾಂಶ ಬಂತು. ಗೋಡೆ ತೆಗೆದ ಮೇಲೆ ಮುಖಾಮುಖಿ ಮಾತು ಸುಮಾರು ಶೇ. 70ರಷ್ಟು ಇಳಿದಿತ್ತು! ಇಮೇಲು, ಮೆಸೇಜು ಏರಿದ್ದವು. ಎಲ್ಲರ ಕಣ್ಣು, ಎಲ್ಲರ ಕಿವಿ ನಮ್ಮ ಮೇಲೇ ಇರುವಾಗ ಮನುಷ್ಯ ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ತಾನೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ ನಿಮ್ಮ ಪಕ್ಕದವರನ್ನ ನೋಡಿ. ಅದು ಗೋಡೆಯಲ್ಲದೆ ಮತ್ತೇನು?

ಹಾಗಾದರೆ ಎಲ್ಲರಿಗೂ ಒಂದೊಂದು ಕ್ಯಾಬಿನ್ ಕೊಡಬೇಕಾ? ನಾನು ಅದನ್ನೂ ಹೇಳ್ತಿಲ್ಲ. ಕ್ಯಾಬಿನ್ ಅನ್ನೋದು ನಮ್ಮಲ್ಲಿ ಕೆಲಸ ನೋಡಿ ಕೊಡುವ ಜಾಗ ಅಲ್ಲ, ಅಂತಸ್ತು ನೋಡಿ ಕೊಡುವ ಜಾಗ. ಸಾಹೇಬರು ಮೀಟಿಂಗ್, ಕ್ಯಾಂಪ್ ಅಂತ ಅರ್ಧ ದಿನ ಹೊರಗಿರ್ತಾರೆ. ಅವರ ಕೋಣೆಗೆ ಬೀಗ. ಒಂದೊಂದು ಅಕ್ಷರ ನೋಡಿ ಟೈಪ್ ಮಾಡಬೇಕಾದ ಗುಮಾಸ್ತ ಮಾತ್ರ ಜನಜಂಗುಳಿಯ ನಡುವೆ. ಯಾರಿಗೆ ನಿಶ್ಶಬ್ದ ಬೇಕಿತ್ತು, ಯಾರಿಗೆ ಸಿಕ್ತು?

ಖಾಸಗಿ ಆಫೀಸಿನಲ್ಲಾದರೆ ಒಬ್ಬಳು ಕೆಲಸ ಬಿಡ್ತಾಳೆ. ಸರ್ಕಾರಿ ಕಚೇರಿಯಲ್ಲಿ ಇದರ ಏಟು ಬೀಳೋದು ನಿಮಗೆ. ತಾಲ್ಲೂಕು ಕಚೇರಿಗೆ, ನಾಡಕಚೇರಿಗೆ ಹೋದವರಿಗೆಲ್ಲ ಈ ನೋಟ ಗೊತ್ತು. ಮೇಜಿನ ಸುತ್ತ ಹತ್ತು ಜನ ಬಗ್ಗಿ ನಿಂತಿರ್ತಾರೆ. ಕೇಸ್ ವರ್ಕರ್ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಅರ್ಜಿ ಹಿಡಿದಿರ್ತಾರೆ. ಆ ಸಂತೆಯಲ್ಲಿ ಪಹಣಿಯ ಒಂದು ಅಕ್ಷರ ತಪ್ಪಿತು ಅಂದುಕೊಳ್ಳಿ. ಅಪ್ಪನ ಹೆಸರು ತಪ್ಪಾಯ್ತು, ಇಲ್ಲಾ ಗುಂಟೆ ಲೆಕ್ಕ ಹೆಚ್ಚುಕಮ್ಮಿ ಆಯ್ತು. ಅದನ್ನ ತಿದ್ದಿಸೋಕೆ ರೈತ ಅರ್ಜಿ, ವಿಚಾರಣೆ ಅಂತ ಎಷ್ಟು ಸಲ ಅಲೀಬೇಕು? ಬ್ಯಾಂಕ್ ಸಾಲ ನಿಲ್ಲುತ್ತೆ, ಬೆಳೆ ಪರಿಹಾರ ನಿಲ್ಲುತ್ತೆ. ನಾವು ಆ ಗುಮಾಸ್ತನನ್ನ ಬೈತೀವಿ. ಅವನು ಕೂತ ಜಾಗವನ್ನ ಯಾರೂ ನೋಡಲ್ಲ.

ಇನ್ನೊಂದು ಕಡೆ, ಗಂಡನನ್ನ ಕಳಕೊಂಡ ಹೆಣ್ಣುಮಗಳು ವಿಧವಾ ವೇತನಕ್ಕೆ ಅರ್ಜಿ ಹಿಡಿದು ಬಂದಿದ್ದಾಳೆ. “ಯಜಮಾನ ಹೆಂಗ್ ತೀರಿಕೊಂಡ್ರಮ್ಮಾ?” ಅಂತ ಪ್ರಶ್ನೆ. ಹಿಂದೆ ನಿಂತ ಹತ್ತು ಜನ, ಅವಳದೇ ಊರಿನವರು, ಕಿವಿ ನಿಮಿರಿಸಿ ನಿಂತಿದ್ದಾರೆ. ಅವಳು ಅರ್ಧ ಹೇಳ್ತಾಳೆ, ಅರ್ಧ ನುಂಗ್ತಾಳೆ. ಅರ್ಜಿಯೂ ಅರ್ಧ ಆಗುತ್ತೆ. 2012ರಿಂದ ನಮ್ಮಲ್ಲಿ ಸಕಾಲ ಯೋಜನೆ ಇದೆ. ಯಾವ ಕೆಲಸ ಎಷ್ಟು ದಿನದಲ್ಲಿ ಮುಗಿಯಬೇಕು ಅಂತ ಅದು ಎಣಿಸುತ್ತೆ. ಒಳ್ಳೆಯದು. ಆದರೆ ಆ ಕೆಲಸ ಯಾವ ಮೇಜಿನ ಮೇಲೆ, ಯಾವ ಗಲಾಟೆಯಲ್ಲಿ ನಡೀತಿದೆ ಅನ್ನೋದನ್ನ ಯಾರು ಎಣಿಸಬೇಕು?

ಜಾಗ ಸರಿ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಭೂಮಿ ಯೋಜನೆ ನೆನಪಿದೆಯಾ? 2000ನೇ ಇಸವಿಯ ಆಸುಪಾಸಿನಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗ ತಾಲ್ಲೂಕು ಕಚೇರಿಯ ಭೂಮಿ ಕೌಂಟರ್‌ನಲ್ಲಿ ಒಂದು ಸಣ್ಣ ವ್ಯವಸ್ಥೆ ಮಾಡಿದ್ದರು. ಸಿಬ್ಬಂದಿಗೆ ಒಂದು ಪರದೆ, ರೈತನ ಕಡೆ ಮುಖ ಮಾಡಿ ಇನ್ನೊಂದು ಪರದೆ. ತನ್ನ ಹೆಸರಿನ ಮುಂದೆ ಏನು ಬರೀತಿದ್ದಾರೆ ಅಂತ ರೈತ ನಿಂತಲ್ಲೇ ನೋಡಬಹುದಿತ್ತು. ಎರಡನೇ ಪರದೆಗೆ ಎಷ್ಟು ಖರ್ಚಾಗಿರುತ್ತೆ ಹೇಳಿ? ಮೇಜಿನ ಈಚೆ ನಿಂತವನಿಗೆ ಕೊಟ್ಟ ಮರ್ಯಾದೆ ಮಾತ್ರ ದೊಡ್ಡದು. ಕಚೇರಿಯ ವಿನ್ಯಾಸ ಅಂದರೆ ಇಂಥದ್ದು. ಸೋಫಾ, ಗಾಜು ಆಮೇಲಿನ ಮಾತು.

ಮೇಜಿನ ಆಚೆ ಕೂತವರ ಪಾಡನ್ನೂ ಹೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಕೂತರು. ಅವರ ಬೇಡಿಕೆಗಳಲ್ಲಿ ಏನಿತ್ತು? ಕೂತು ಕೆಲಸ ಮಾಡೋಕೆ ಕಚೇರಿ ಕೊಡಿ, ಮೇಜು ಕುರ್ಚಿ ಕೊಡಿ ಅನ್ನೋದೂ ಇತ್ತು. ನಾನು ಇಲ್ಲಿ ಯಾವ ಸ್ವಭಾವಕ್ಕೆ ಯಾವ ಮೂಲೆ ಅಂತ ಹೇಳ್ತಿದ್ದೀನಿ. ಅವರು ಮೂಲೆಯನ್ನ ಬಿಡಿ, ಕುರ್ಚಿಯನ್ನೇ ಬೀದಿಗೆ ಬಂದು ಕೇಳಬೇಕಾಯ್ತು.

ಇದಕ್ಕೆಲ್ಲ ವಿದೇಶಿ ತಜ್ಞರು ಬರಬೇಕಾಗಿಲ್ಲ. 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನವರು ‘ಕೆಲಸಕ್ಕೆ ತಕ್ಕ ಜಾಗ’ ಅಂತ ಹೊಸ ಪದ್ಧತಿ ತಂದರು. ಮಾತಿಗೆ ಒಂದು ಕಡೆ, ಏಕಾಂತಕ್ಕೆ ಒಂದು ಕಡೆ, ಕೂಡಿ ಕೆಲಸ ಮಾಡೋಕೆ ಒಂದು ಕಡೆ. ನೌಕರ ಆ ಹೊತ್ತಿನ ಕೆಲಸ ನೋಡಿಕೊಂಡು ಜಾಗ ಬದಲಿಸ್ತಾನೆ. ಇದನ್ನ ಓದಿದಾಗ ನನಗೆ ನಗು ಬಂತು. ನಮ್ಮ ದುರ್ಗದ ಏಳು ಸುತ್ತಿನ ಕೋಟೆಯೊಳಗೆ ಹೋಗಿ ನೋಡಿ. ಟಂಕಸಾಲೆ ಒಂದು ಕಡೆ, ಗರಡಿಮನೆ ಒಂದು ಕಡೆ, ಎಣ್ಣೆಕೊಳ ಇನ್ನೊಂದು ಕಡೆ. ನಾಣ್ಯ ಎಣಿಸೋನ ಪಕ್ಕದಲ್ಲಿ ಕುಸ್ತಿ ಆಡಿಸಲಿಲ್ಲ ನಮ್ಮ ಪಾಳೇಗಾರರು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಬನ್ನಿ. 1997ರಿಂದ ಶಿವಸಂಚಾರ ತಂಡ ಅಲ್ಲಿಂದ ನಾಟಕ ಕಟ್ಟಿಕೊಂಡು ನಾಡು ಸುತ್ತುತ್ತಿದೆ. ನಾಟಕ ಮಾಡೋರನ್ನ ಕೇಳಿ, ಹೇಳ್ತಾರೆ. ನಟ ಮೊದಲು ಒಬ್ಬನೇ ಕೂತು ಮಾತು ಬಾಯಿಪಾಠ ಮಾಡಬೇಕು. ಆಮೇಲೆ ತಂಡದ ಜೊತೆ ತಾಲೀಮು. ಕೊನೆಗೆ ಸಾವಿರ ಜನರ ಮುಂದೆ ರಂಗದ ಮೇಲೆ. ಮೂರೂ ಅದೇ ನಟನ ಕೆಲಸವೇ, ಮೂರಕ್ಕೂ ಜಾಗ ಬೇರೆ. ರಂಗದ ಮೇಲೇ ನಿಲ್ಲಿಸಿ ಬಾಯಿಪಾಠ ಮಾಡು ಅಂದರೆ ಆಗುತ್ತಾ?

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ರೈಲಿಗೆ ಕಾದಿದ್ದವರಿಗೂ ಇದು ಗೊತ್ತು. ಟಿಕೆಟ್ ಕಿಟಕಿ ಬೇರೆ, ಸ್ಟೇಷನ್ ಮಾಸ್ಟರ್ ಕೋಣೆ ಬೇರೆ. ಕಿಟಕಿಯವನು ಜನರ ಜೊತೆ ಮಾತಾಡಬೇಕು. ಒಳಗಿನವನು ರೈಲಿಗೆ ದಾರಿ ಕೊಡಬೇಕು. ಅವನ ಗಮನ ಒಂದು ಕ್ಷಣ ಆಚೀಚೆ ಆದರೆ ಏನಾಗುತ್ತೆ ಅಂತ ರೈಲ್ವೆಯವರಿಗೆ ಗೊತ್ತು. ಪಹಣಿಯ ತಪ್ಪಿಗೆ ಅಷ್ಟು ಜೋರಾಗಿ ಸದ್ದಾಗಲ್ಲ, ಅದಕ್ಕೇ ತಾಲ್ಲೂಕು ಕಚೇರಿಯಲ್ಲಿ ಯಾರೂ ಆ ಕೋಣೆ ಕಟ್ಟಿಸಲಿಲ್ಲ.

ಸರಿ, ಏನು ಮಾಡಬೇಕು? ದೊಡ್ಡ ಖರ್ಚಿನ ಮಾತು ಬೇಡ. ಹತ್ತು ಜನರ ಸಣ್ಣ ಆಫೀಸಿನಲ್ಲೂ ಮಾಡಬಹುದಾದ್ದನ್ನ ಹೇಳ್ತೀನಿ.

ಮೊದಲನೆಯದು, ಕೇಳಿ. ಆರ್ಕಿಟೆಕ್ಟ್, ವಾಸ್ತುವಿನವರು ಬರೋದಕ್ಕೆ ಮುಂಚೆ ಕೆಲಸ ಮಾಡೋರನ್ನ ಕೇಳಿ. ಎಲ್ಲರೆದುರು ಮೀಟಿಂಗ್‌ನಲ್ಲಿ ಕೇಳಬೇಡಿ. ಅಲ್ಲಿ ಮಾತುಗಾರರೇ ಮಾತಾಡ್ತಾರೆ. ಚೀಟಿಯಲ್ಲಿ ಬರೆದು ಕೊಡಿ ಅನ್ನಿ.

ಎರಡನೆಯದು, ಫೋನನ್ನೂ ಲೆಕ್ಕವನ್ನೂ ಬೇರೆ ಮಾಡಿ. ಫೋನ್ ಕೆಲಸ ಬಾಗಿಲ ಹತ್ತಿರ, ಜನ ಬಂದು ಹೋಗುವ ಕಡೆ ಇರಲಿ. ಲೆಕ್ಕ, ಬರವಣಿಗೆ ಒಳಗಡೆ ಇರಲಿ. ಬೆನ್ನಿಗೆ ಗೋಡೆ ಇದ್ದರೆ ಇನ್ನೂ ಒಳ್ಳೆಯದು. ಬೆನ್ನ ಹಿಂದೆ ಯಾರೋ ಓಡಾಡ್ತಿದ್ದರೆ ಕೆಲವರಿಗೆ ಕೆಲಸವೇ ಸಾಗಲ್ಲ.

ಮೂರನೆಯದು, ಯಾರ ಹೆಸರೂ ಇಲ್ಲದ ಒಂದು ಕೋಣೆ ಇರಲಿ. ಪುಟ್ಟದಾದರೂ ಸಾಕು. ಒಂದು ಗಂಟೆ ಗಮನ ಇಟ್ಟು ಮಾಡುವ ಕೆಲಸ ಇದ್ದವರು ಅಲ್ಲಿಗೆ ಹೋಗಲಿ. ಗುಟ್ಟಾಗಿ ಹೇಳಿಕೊಳ್ಳಬೇಕಾದ ವಿಷಯ ಇರುವ ಗಿರಾಕಿಯೂ ಅಲ್ಲೇ ಕೂತು ಮಾತಾಡಲಿ. ತಾಲ್ಲೂಕು ಕಚೇರಿಗೆ ಇಂಥ ಒಂದು ಕೋಣೆ ಇದ್ದರೆ ಆ ವಿಧವೆ ತಲೆ ತಗ್ಗಿಸಬೇಕಾಗಿಲ್ಲ.

ನಾಲ್ಕನೆಯದು, ಸದ್ದು ಹೀರುವ ವಸ್ತು ಬಳಸಿ. ದಪ್ಪ ಪರದೆ, ಫೈಲು ತುಂಬಿದ ರ‍್ಯಾಕು, ಗೋಡೆಗೆ ಕಂಬಳಿ. ಹೌದು, ಕಂಬಳಿ! ನಮ್ಮ ಸ್ಟುಡಿಯೋ ಗೋಡೆಗೆ ಮೆತ್ತನೆಯ ಹೊದಿಕೆ ಯಾಕೆ ಹೊಡೆದಿರ್ತಾರೆ ಅಂದುಕೊಂಡಿರಿ? ಪಕ್ಕದ ಚಳ್ಳಕೆರೆಯಲ್ಲಿ ಒಳ್ಳೊಳ್ಳೆಯ ಉಣ್ಣೆ ಕಂಬಳಿ ಸಿಗುತ್ತೆ. ಚೌಕಟ್ಟಿಗೆ ಬಿಗಿದು ನೇತುಹಾಕಿದರೆ ನೋಡೋಕೂ ಚೆಂದ, ನೇಯೋರಿಗೂ ಅನ್ನ.

ಐದನೆಯದು, ಓಡಾಡುವವರಿಗೆ ಓಡಾಡೋಕೆ ಬಿಡಿ, ಜಾಗ ಬದಲಾಗಬಾರದು ಅನ್ನೋರ ಮೇಜು ಕದಲಿಸಬೇಡಿ. ಎಲ್ಲರಿಗೂ ಒಂದೇ ನಿಯಮ ಅಂದರೆ ನ್ಯಾಯ ಅಂತ ಅಂದುಕೊಳ್ತೀವಿ. ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಕೊಟ್ಟ ಹಾಗೆ ಅದು.

ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆಸಿದ್ದಾರೆ. ದೇವರ ಮನೆಯನ್ನ ನಮ್ಮ ಹಿರಿಯರು ಹೇಗೆ ಕಟ್ಟಿದರು? ಮುಂದೆ ಮುಖಮಂಟಪ, ಅಲ್ಲಿ ಜನ ಕೂತು ಮಾತಾಡಬಹುದು. ಒಳಗೆ ನವರಂಗ, ಅಲ್ಲಿ ಹಾಡು, ಭಜನೆ. ಇನ್ನೂ ಒಳಗೆ ಗರ್ಭಗುಡಿ, ಅಲ್ಲಿ ನಿಶ್ಶಬ್ದ. ಒಂದೇ ಸೂರಿನ ಕೆಳಗೆ ಮೂರು ಬಗೆಯ ಜಾಗ. ತಾಲ್ಲೂಕಿಗೊಂದು ಸೌಧ ಕಟ್ಟುವ ಸರ್ಕಾರಕ್ಕೆ ನಾನು ಕೇಳೋದು ಇಷ್ಟೇ. ದೇವರ ಕೆಲಸ ಅಂತೀರಲ್ಲ ಸ್ವಾಮಿ, ದೇವರ ಮನೆಯ ನಕ್ಷೆಯನ್ನಾದರೂ ಒಮ್ಮೆ ನೋಡಿ.

ನನ್ನ ಸ್ನೇಹಿತನ ವಿಷಯಕ್ಕೆ ಬರ್ತೀನಿ. ಎರಡು ವಾರ ಬಿಟ್ಟು ಫೋನ್ ಮಾಡಿದ್ದ. ಆ ಹುಡುಗಿಯನ್ನ ಕೂರಿಸಿಕೊಂಡು ಕೇಳಿದನಂತೆ, “ಏನಮ್ಮಾ, ಸಂಬಳದ ತೊಂದರೆನಾ?”

“ಸಂಬಳ ಅಲ್ಲ ಸರ್. ಇಪ್ಪತ್ತನೇ ತಾರೀಕು ಹತ್ರ ಬಂದ್ರೆ ಎಲ್ಲರೂ ಫೋನಲ್ಲಿ ಕೂಗ್ತಾರೆ. ಒಂದೇ ಲೆಕ್ಕ ನಾಲ್ಕು ಸಲ ಮಾಡ್ತೀನಿ. ತಪ್ಪಾಗುತ್ತೇನೋ ಅಂತ ಭಯ ಆಗುತ್ತೆ. ಮನೆಗೆ ಹೋದ್ರೂ ನಿದ್ದೆ ಬರಲ್ಲ” ಅಂದಳಂತೆ. ಇಪ್ಪತ್ತನೇ ತಾರೀಕು ಅಂದರೆ ಜಿಎಸ್‌ಟಿ ರಿಟರ್ನ್ ಕಟ್ಟುವ ಕೊನೆ ದಿನ. ಇಡೀ ಆಫೀಸು ಅವತ್ತು ಕುದೀತಿರುತ್ತೆ.

ಹಳೇ ಫೈಲು ತುಂಬಿದ್ದ ಕೋಣೆ ಖಾಲಿ ಮಾಡಿಸಿ, ಒಂದು ಮೇಜು, ಒಂದು ಫ್ಯಾನು ಹಾಕಿಸಿದ್ದಾನೆ. ಒಂದರಿಂದ ಹತ್ತನೇ ತಾರೀಕಿನವರೆಗೆ ಅವಳು ಹೊರಗೆ ಎಲ್ಲರ ಜೊತೆಯೇ ಕೂರ್ತಾಳೆ, ನಗ್ತಾಳೆ, ಊಟ ಹಂಚಿಕೊಳ್ತಾಳೆ. ಆಮೇಲೆ ಹತ್ತು ದಿನ ಆ ಕೋಣೆ. ಹಿರಿಯ ಗುಮಾಸ್ತರೂ ಆಗಾಗ ಅಲ್ಲಿಗೆ ನುಸುಳ್ತಾರಂತೆ. ರಾಜೀನಾಮೆ ಪತ್ರ? ಅವಳು ವಾಪಸ್ ತಗೊಂಡಿಲ್ಲ. ಇವನೂ ಹರಿದಿಲ್ಲ. ಡ್ರಾಯರ್‌ನಲ್ಲೇ ಇದೆಯಂತೆ. ಮುಂದಿನ ಇಪ್ಪತ್ತನೇ ತಾರೀಕು ಕಳೀಲಿ, ನೋಡೋಣ ಅಂದ.

ನಾಳೆ ಬೆಳಗ್ಗೆ ನೀವು ನಿಮ್ಮ ಆಫೀಸಿಗೆ ಹೋದಾಗ ಒಂದು ಕೆಲಸ ಮಾಡಿ. ನೀವು ಯಜಮಾನರಾದರೆ, ನಿಮ್ಮ ಹತ್ತಿರ ಕೆಲಸ ಮಾಡೋರಲ್ಲಿ ಅತಿ ಕಡಿಮೆ ಮಾತಾಡೋರು ಯಾರು ಅಂತ ನೋಡಿ, ಅವರ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು ಬನ್ನಿ. ಸಾಹೇಬರಾದರೆ, ಕೌಂಟರಿನ ಈಚೆ, ಜನ ನಿಲ್ಲುವ ಜಾಗದಲ್ಲಿ ಹತ್ತು ನಿಮಿಷ ನಿಂತು ಬನ್ನಿ. ಏನು ಬದಲಾಗಬೇಕು ಅನ್ನೋದು ಅಲ್ಲೇ ಕಾಣುತ್ತೆ.